60 ಸಾವಿರದೊಳಗೆ ಲಿನಕ್ಸ್‌ಗೆ ಹೊಸ ಲ್ಯಾಪ್‌ಟಾಪ್: ಬಳಸಿದವರು ಅನುಭವ ಹೇಳಿ

ತುಮಕೂರು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್ 2015ರದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಥೆ ಮುಗೀತಲ್ಲ, 11 ಇದರಲ್ಲಿ ಕೂರಲ್ಲ, ಹಾಗಾಗಿ ವಿಂಡೋಸ್ ಬದಲು ಮಿಂಟ್ ಅನ್ನೋ ಲಿನಕ್ಸ್ ಹಾಕಿದೆ. ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಆದರೆ ಹಿಂಜ್ ಮುರಿದಿದೆ, ಪರದೆ ಹಿಂದೆ ನಿಘಂಟು ಆನಿಸಿಕೊಂಡು ಟೈಪ್ ಮಾಡ್ತಿದ್ದೀನಿ.

ಕೆಲಸ ಕನ್ನಡ ಅನುವಾದ, ಲಿಬ್ರೆಆಫೀಸ್, ಸ್ವಲ್ಪ ಪೈಥಾನ್. ಗೇಮ್ ಇಲ್ಲ. ದಿನಾ ಬೆಂಗಳೂರಿಗೆ ರೈಲು, ಎಷ್ಟೋ ದಿನ ನಿಂತೇ ಬರೋದು, ಅದಕ್ಕೆ ಒಂದೂವರೆ ಕೆಜಿ ಮೀರಬಾರದು. 60 ಸಾವಿರ ಮಿತಿ. ಸೆಕೆಂಡ್ ಹ್ಯಾಂಡ್ ಬೇಡ, ಮನೆಯಲ್ಲಿ ಒಪ್ಪಲ್ಲ. ಮುಖ್ಯವಾಗಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದರೆ ನೆಟ್ಟಗೆ ನಿದ್ದೆ ಮಾಡಬೇಕು. ಯಾವ ಮಾಡೆಲ್?

ಕರಿ ಡಬ್ಬಿ

ಸೆಕೆಂಡ್ ಹ್ಯಾಂಡ್ ಬೇಡ ಅಂದ್ರಲ್ಲ ಸರ್, ಅಲ್ಲೇ ಎಡವಿದ್ರಿ.

ನನ್ನದು ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್, ಎಂಟನೇ ಪೀಳಿಗೆಯ ಐ5. ಬೆಂಗಳೂರಿನ ಎಸ್.ಪಿ. ರೋಡಲ್ಲಿ 23 ಸಾವಿರದಿಂದ ಶುರು ಮಾಡಿದ, ನಾನು ಎರಡು ಸಲ ಅಂಗಡಿ ಮೆಟ್ಟಿಲಿಳಿದು ಹೋದ ಹಾಗೆ ಮಾಡಿ 19,500ಕ್ಕೆ ಇಳಿಸಿದೆ. ಬರುವಾಗ 8 ಜಿಬಿ ರ‍್ಯಾಮ್ ಇತ್ತು, ಇನ್ನೊಂದು 16ರ ಕಡ್ಡಿ 3,200 ಕೊಟ್ಟು ಹಾಕಿಸಿದೆ. ಆಗಿನ ರೇಟು ಅದು, ಈಗ ಕೇಳಲೇಬೇಡಿ. ಎಸ್‌ಎಸ್‌ಡಿ 3,400. ಪರದೆ 1366 ಬೈ 768, ಓರೆಯಾಗಿ ನೋಡಿದರೆ ಎಲ್ಲ ಬೂದಿ ಬಣ್ಣ. ಅದನ್ನು ಕಿತ್ತು ಫುಲ್ ಎಚ್‌ಡಿ ಐಪಿಎಸ್ ಹಾಕಿಸಿದೆ, 4,600. ಕೀಬೋರ್ಡಲ್ಲಿ ‘ಕೆ’ ಒತ್ತಿದರೆ ಮೂರು ಸಲ ಬೀಳ್ತಿತ್ತು, ಬದಲಿಸಿದೆ, 1,900. ಹೊರಗಿನ ಬ್ಯಾಟರಿ ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ 2,800ಕ್ಕೆ ಕೊಟ್ಟ, ನಾಲ್ಕೇ ತಿಂಗಳಿಗೆ ಹಪ್ಪಳದ ಹಾಗೆ ಉಬ್ಬಿತು. ಆಮೇಲೆ ಬೇರೆ ಕಡೆ 4,300ಕ್ಕೆ 72 ವ್ಯಾಟ್‌ಅವರ್‌ನದು ತಗೊಂಡೆ. ಒಳಗಿನ ಬ್ಯಾಟರಿ ಇರೋದ್ರಿಂದ ಹೊರಗಿನದನ್ನು ಯಂತ್ರ ಓಡ್ತಿರುವಾಗಲೇ ಬದಲಿಸಬಹುದು. ಈಗಿನ ಯಾವ ಲ್ಯಾಪ್‌ಟಾಪಲ್ಲಿ ಇದೆ ಈ ಸೌಕರ್ಯ? ಥರ್ಮಲ್ ಪೇಸ್ಟ್ 350, ನಾನೇ ಹಚ್ಚಿದೆ.

ನಿದ್ದೆ ಕೇಳಿದ್ರಲ್ಲ, ಇದರಲ್ಲಿ ನಿಜವಾದ ಎಸ್3, ಅಂದ್ರೆ ಮೆಮೊರಿ ಬಿಟ್ಟು ಬಹುತೇಕ ಎಲ್ಲ ಆರಿಹೋಗೋ ಗಾಢ ನಿದ್ದೆ, ಇದೆ. ಶುಕ್ರವಾರ ಸಂಜೆ ಮುಚ್ಚಿ ಸೋಮವಾರ ತೆಗೆದರೂ ಬ್ಯಾಟರಿ ಇರುತ್ತೆ. ಡೆಬಿಯನ್ ಲಿನಕ್ಸ್ ಹಾಕಿ ಮರೆತುಬಿಡಿ. 20 ಸಾವಿರದ ಲ್ಯಾಪ್‌ಟಾಪು ನಿಮ್ಮ 60 ಸಾವಿರದ್ದಕ್ಕೆ ಪಾಠ ಹೇಳುತ್ತೆ.

ಗೋಕುಲರೋಡ್

ಹಳೇದು ಚಲೋ, ಒಪ್ಪತೀನ್ರಿ. ಆದ್ರ ಹೊಸಾದು ತಗೊಳ್ಳಾವ್ರು ನನ್ನ ಕಥಿ ಒಂದ್ಸಲ ಕೇಳ್ರಿ.

ಹಬ್ಬದ ಸೇಲ್‌ನ್ಯಾಗ ಎಎಂಡಿ ರೈಜೆನ್ ಪ್ರೊಸೆಸರ್ ಇರೋ ಒಂದು ಲ್ಯಾಪ್‌ಟಾಪ್ ತಗೊಂಡ್ನಿ, 52,990. ಕಂಪನಿ ಹೆಸರು ಬ್ಯಾಡ. ತಗೊಳ್ಳೂಕಿಂತ ಮೊದ್ಲ ಹದಿನೈದು ದಿನ ಓದೇನಿ, ಅದ ಮಾಡೆಲ್ ನಂಬರಿನವ್ರು ‘ವೈಫೈ ಎಲ್ಲಾ ತಾನ ಬರತೈತಿ’ ಅಂದಿದ್ರು. ಪೆಟ್ಟಿಗಿ ತಗದು ಉಬುಂಟು ಲಿನಕ್ಸ್ ಹಾಕಿದ್ರ ವೈಫೈ ಅನ್ನೋ ಹೆಸರ ಇಲ್ಲ! ಒಳಗಿನ ಚಿಪ್ಪುಗಳ ಪಟ್ಟಿ ತೋರ್ಸೋ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟು ನೋಡಿದ್ರ ಒಳಗಿನ ಚಿಪ್ಪ ಬ್ಯಾರೆ. ಮಾಡೆಲ್ ಅದ, ಬಣ್ಣ ಅದ, ರೊಕ್ಕ ಅದ, ವೈಫೈ ಕಾರ್ಡ್ ಅಷ್ಟ ನಡುವ ಬದಲಿ ಮಾಡ್ಯಾರ. ಮಾಡೆಲ್ ನಂಬರಿನ ಬಾಲಕ್ಕ ಎರಡು ಅಕ್ಷರ ಇರತಾವಲ್ಲ, ಅದರಾಗ ಎಲ್ಲಾ ಅಡಗೇತಿ, ಆ ಬಾಲ ಯಾರೂ ನೋಡಂಗಿಲ್ಲ.

ಮೊದ್ಲ ಯುಎಸ್‌ಬಿ ಡಾಂಗಲ್, 899. ಅದರ ಡ್ರೈವರ್‌ನ ಕೈಲೆ ಕಂಪೈಲ್ ಮಾಡಬೇಕಾತು. ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ಅದರ ಅಪ್‌ಡೇಟ್ ಬಂದಾಗೊಮ್ಮೆ ಮತ್ತ ಅದ ಹಾಡು, ಅದೂ ಮೊಬೈಲ್ ತಂತಿ ಚುಚ್ಚಿ ಇಂಟರ್ನೆಟ್ ತಗೊಂಡು. ಮೂರು ತಿಂಗಳಾದ ಮ್ಯಾಲೆ ಸಿಟ್ಟಿಗೆದ್ದು ಇಂಟೆಲ್ ಕಾರ್ಡ್ ತರಿಸಿದ್ನಿ, ಎಎಕ್ಸ್211, 1,450 ರೂಪಾಯಿ. ಹಚ್ಚಿದ್ರ ಏನೂ ಇಲ್ಲ. ಆಮ್ಯಾಲೆ ತಿಳೀತು, 201, 211 ಇವು ಅರ್ಧಾ ಕಾರ್ಡ್ ಇದ್ದಂಗ, ಉಳಿದರ್ಧ ಇಂಟೆಲ್ ಪ್ರೊಸೆಸರಿನ ಕಡೆ ಇರತೈತಿ, ಎಎಂಡಿ ಒಳಗ ನಡಿಯಂಗಿಲ್ಲ. ಎಎಕ್ಸ್210 ಬೇಕಂತ. ಒಂದು ಅಂಕಿ ರೀ! ಮತ್ತ 1,850. ಅದು ಹಚ್ಚಿದ ಮ್ಯಾಲೆ ಗುಂಡಿನಂಗ ನಡದೈತಿ.

ಒಟ್ಟ 57,189. ವಾರಂಟಿ ಹೋತಂತ ಸರ್ವಿಸ್‌ನವರು ಹೇಳ್ಯಾರ, ಯಾಕಂದ್ರ ಸ್ಕ್ರೂ ಮ್ಯಾಲಿನ ಸ್ಟಿಕ್ಕರ್ ಹರದೈತಿ.

ಮತ್ತ ಡೆಬಿಯನ್ ಹಾಕಿ ಮರೀರಿ ಅನ್ನಾವ್ರಿಗೆ ಒಂದು ಮಾತು. ಆಗ ನಾನೂ ಡೆಬಿಯನ್ 12 ಹಾಕಿ ನೋಡೇನಿ. ಅದರ ಕರ್ನಲ್ 6.1. ಹೊಸಾ ಚಿಪ್ಪಿಗೆ ಅದು ಅಜ್ಜನ ಕಾಲದ್ದು.

ಕರಿ ಡಬ್ಬಿ

ಡೆಬಿಯನ್ 13 ಬಂದು, 2025ರ ಆಗಸ್ಟಿಗೇ, ಕರ್ನಲ್ 6.12 ಆಯ್ತು ಸ್ವಾಮಿ. ನೀವು ಕಾರ್ಡ್ ನೋಡದೇ ತಗೊಂಡಿದ್ದಕ್ಕೆ ಡೆಬಿಯನ್‌ನ ಯಾಕೆ ಬೈತೀರಿ?

ಗೋಕುಲರೋಡ್

ನೋಡೇನಿ ಅಂತ ಅಷ್ಟುದ್ದ ಬರದೀನಲ್ರೀ. ಓದೂ ಚಟ ಐತೋ ಇಲ್ಲೋ?

ಲೆಕ್ಕದ ಲಲಿತಾ

ಕರಿ ಡಬ್ಬಿಯವರೇ, ನನ್ನ ಕಸುಬೇ ಕೂಡೋದು, ಹಾಗಾಗಿ ಕೂಡಿದೆ. ನೀವು ಬರೆದ ಅಷ್ಟೂ ಸೇರಿಸಿದರೆ 40,050 ಆಗುತ್ತೆ. ‘20 ಸಾವಿರದ ಲ್ಯಾಪ್‌ಟಾಪು’ ಯಾವುದು? ಜೊತೆಗೆ ಆ ದೊಡ್ಡ ಬ್ಯಾಟರಿ ಸಿಕ್ಕಿಸಿದರೆ ತೂಕ ಎರಡು ಕೆಜಿ ಹತ್ತಿರ ಹೋಗುತ್ತೆ. ಕೇಳಿದವರು ರೈಲಲ್ಲಿ ನಿಂತು ಬರೋರು.

ನನ್ನ ಕಥೆ. ಶಿವಮೊಗ್ಗದಲ್ಲಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬೋದು ನನ್ನ ಕೆಲಸ. ಹೋದ ವರ್ಷ ಇಲ್ಲೇ ಅಂಗಡಿಯಲ್ಲಿ ಹೊಸದು ತಗೊಂಡೆ, 58,500, ವಿಂಡೋಸ್ 11 ಜೊತೆಗೇ ಬಂತು. ಅಂಗಡಿ ಹುಡುಗ ‘ಸೆಟಪ್ ಮಾಡಿ ಕೊಡ್ತೀನಿ ಅಕ್ಕ’ ಅಂತ ಎಲ್ಲ ಮಾಡಿಕೊಟ್ಟ. ಮಗ ಬಂದು ಪಕ್ಕದಲ್ಲಿ ಫೆಡೋರಾ ಅನ್ನೋ ಲಿನಕ್ಸ್ ಹಾಕಿದ. ಡಿಸ್ಕ್ ಭಾಗ ಮಾಡಿದಾಗ ಏನೂ ಆಗಲಿಲ್ಲ. ಒಂದು ದಿನ ಏನೋ ಡ್ರೈವರ್‌ಗೆ ಅಂತ ನಾನೇ ಸೆಕ್ಯೂರ್ ಬೂಟ್ ಅನ್ನೋ ಸುರಕ್ಷತೆಯ ಸೆಟ್ಟಿಂಗ್ ತೆಗೆದೆ. ಮಾರನೇ ಬೆಳಗ್ಗೆ ವಿಂಡೋಸ್‌ಗೆ ಹೋದರೆ ನೀಲಿ ಪರದೆ, 48 ಅಂಕಿಯ ಕೀ ಕೊಡಿ ಅಂತಿದೆ. ಡಿಸ್ಕ್‌ಗೆ ಬೀಗ ಹಾಕಿದೆ ಅನ್ನೋದೇ ನನಗೆ ಗೊತ್ತಿಲ್ಲ!

ಆ ಕೀ ಎಲ್ಲಿತ್ತು ಗೊತ್ತಾ? ಅಂಗಡಿ ಹುಡುಗ ತನ್ನ ಇಮೇಲ್ ಕೊಟ್ಟು ಸೆಟಪ್ ಮಾಡಿದ್ದ, ಅವನ ಖಾತೆಯಲ್ಲಿತ್ತು. ಅವನು ಕೆಲಸ ಬಿಟ್ಟು ಭದ್ರಾವತಿ ಹತ್ರ ಅವನ ಮಾವನ ಊರಿನ ಜಾತ್ರೆಗೆ ಹೋಗಿದ್ದ. ಅವತ್ತು ತಾರೀಕು 20, ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ತುಂಬೋಕೆ ಕೊನೇ ದಿನ. ಆರು ಜನ ಕಕ್ಷಿದಾರರದ್ದು ಬಾಕಿ, ಫೈಲುಗಳೆಲ್ಲ ವಿಂಡೋಸ್ ಕಡೆ. ಅವನು ಫೋನ್ ಎತ್ತಿದ್ದು ರಾತ್ರಿ ಒಂದು ಗಂಟೆಗೆ. ದಿನಕ್ಕೆ ತಲಾ 50 ರೂಪಾಯಿ ತಡ ಶುಲ್ಕ, 300 ನನ್ನ ಕೈಯಿಂದ ಕಟ್ಟಿದೆ. ದುಡ್ಡಿಗಿಂತ, ಹನ್ನೆರಡು ವರ್ಷದಲ್ಲಿ ಒಂದು ದಿನ ತಡ ಮಾಡದವಳು ನಾನು.

ವಿಂಡೋಸ್ ಪೂರ್ತಿ ತೆಗೆಯೋಕೆ ಆಗಲ್ಲ. ಟ್ಯಾಲಿ ಇದೆ. ಡಿಜಿಟಲ್ ಸಹಿಯ ಟೋಕನ್ ಲಿನಕ್ಸಲ್ಲಿ ಒಂದು ದಿನ ಗುರುತು ಹಿಡಿಯುತ್ತೆ, ಒಂದು ದಿನ ಇಲ್ಲ. ಪ್ರಿಂಟರ್ ಅಂತೂ ಬೇರೆಯೇ ಪುರಾಣ. ಎಲ್ಲ ಜೆರಾಕ್ಸ್ ಅಂಗಡಿಯಲ್ಲೂ ಇರೋ ಆ ಚಿಕ್ಕ ಲೇಸರ್ ಪ್ರಿಂಟರೇ ನಂದು. ಡ್ರೈವರ್ ಹಾಕಿದ ದಿನ ಒಂದು ಹಾಳೆ ಬಂತು, ಎರಡನೆಯದು ಇವತ್ತಿಗೂ ಬಂದಿಲ್ಲ.

ಕರಿ ಡಬ್ಬಿ

ಮೇಡಂ, ಉಬ್ಬಿದ ಬ್ಯಾಟರಿ ದುಡ್ಡು ಸೇರಿಸೋದು ನ್ಯಾಯ ಅಲ್ಲ. ಅದು ಮೋಸ ಹೋಗಿದ್ದು, ಖರ್ಚಲ್ಲ.

ಲೆಕ್ಕದ ಲಲಿತಾ

ಜೇಬಿಂದ ಹೋಯ್ತಾ? ಹೋಯ್ತು. ಖರ್ಚು.

ಕುಂಬಳೆ ಮಾಸ್ಟ್ರು

ನಿಮ್ಮ ಜಗಳ ನೋಡಿ ನಗು ಬರ್ತದೆ ಮಾರಾಯ್ರೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಕಲಿಯುವುದೇ ಲಿನಕ್ಸಿನಲ್ಲಿ, ಎಸ್ಸೆಸ್ಸೆಲ್ಸಿ ಐಟಿ ಪ್ರಾಕ್ಟಿಕಲ್ ಪರೀಕ್ಷೆಯೂ ಅದರಲ್ಲೇ. ಕೇರಳದ ‘ಕೈಟ್’ ಸಂಸ್ಥೆ ಉಬುಂಟುವಿನ ಮೇಲೆ ಕಟ್ಟಿ ಕೊಟ್ಟದ್ದು. ಹದಿನೈದು ವರ್ಷದ ಹುಡುಗಿ ಇಂಕ್‌ಸ್ಕೇಪಿನಲ್ಲಿ ಚಿತ್ರ ಮಾಡ್ತಾಳೆ, ನೀವು ಇಲ್ಲಿ ವೈಫೈಗೆ ಕೂಗ್ತಾ ಇದ್ದೀರಿ.

ನಾನು ಲ್ಯಾಪ್‌ಟಾಪ್ ತಕ್ಕೊಂಡದ್ದು ಮಂಗಳೂರಿನಲ್ಲಿ. ಪೆನ್‌ಡ್ರೈವಿನಲ್ಲಿ ಲೈವ್ ಉಬುಂಟು, ಅಂದರೆ ಅದರಿಂದಲೇ ನೇರ ಓಡುವಂಥದ್ದು, ಹಾಕಿಕೊಂಡೇ ಹೋದೆ. ಮೊದಲ ಅಂಗಡಿಯವ ಪೆಟ್ಟಿಗೆ ತೆರೆದರೆ ಮಾರಿದ ಹಾಗೆ ಅಂದ. ಎರಡನೆಯವ ವೈರಸ್ ಬರ್ತದೆ ಅಂದ. ಮೂರನೆಯವ ಡಿಸ್‌ಪ್ಲೇಗೆ ಇಟ್ಟದ್ದರಲ್ಲಿ ಬೇಕಾದರೆ ನೋಡಿ ಅಂದ. ಐದು ನಿಮಿಷ: ವೈಫೈ, ಸದ್ದು, ಕ್ಯಾಮರಾ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀ, ಮುಚ್ಚಳ ಮುಚ್ಚಿ ತೆರೆಯುವುದು. ಸದ್ದು ಬರಲಿಲ್ಲ, ಪಕ್ಕದ ಮಾಡೆಲ್ ನೋಡಿದೆ, ಬಂತು. ಅದನ್ನೇ ತಕ್ಕೊಂಡೆ, 46,000. ಅದೂ ವಿಂಡೋಸ್ ಇಲ್ಲದ್ದು, ಬರೀ ಡಾಸ್ ಹಾಕಿದ್ದು. ಇವತ್ತಿನವರೆಗೆ ಎಂತದೂ ತೊಂದರೆ ಇಲ್ಲ. ಬೆರಳಚ್ಚು ಮಾತ್ರ ಓದುವುದಿಲ್ಲ. ಬೆರಳು ನನ್ನದೇ ಅಲ್ವಾ, ಪಾಸ್‌ವರ್ಡ್ ಒತ್ತುತ್ತೇನೆ.

ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಕಲಿಯಿರಿ. ಒಮ್ಮೆ ಕಲಿತರೆ ಮಲಯಾಳ, ಹಿಂದಿ ಎಲ್ಲದಕ್ಕೂ ಅದೇ ಕೈ.

ಗೋಕುಲರೋಡ್

ಮಾಸ್ತರ, ಉಳಿದದ್ದೆಲ್ಲಾ ಖರೇ. ಆದ್ರ ಕನ್ನಡ ಬರಿಯಾವ್ರಿಗೆ ಇನ್‌ಸ್ಕ್ರಿಪ್ಟ್ ಯಾಕ್ರಿ? ಕೆ.ಪಿ. ರಾವ್ ಅವರ ಕೀಲಿಮಣಿ ವಿನ್ಯಾಸ ಐತಿ, ನುಡಿ ತಂತ್ರಾಂಶದೊಳಗ ಇಡೀ ಕರ್ನಾಟಕದ ಕಚೇರಿ ಅದರ ಮ್ಯಾಲೆ ನಡದೈತಿ. ಲಿನಕ್ಸಿನ ಟೈಪಿಂಗ್ ತಂತ್ರಾಂಶ ಐಬಸ್‌ನ್ಯಾಗ ಎಂ17ಎನ್ ಅನ್ನೋ ಭಾಷಾ ಪೊಟ್ಟಣ ಹಾಕಿ ಕಗಪ, ಅಂದ್ರ ಅದ ವಿನ್ಯಾಸ, ಆರಿಸ್ರಿ, ಮುಗೀತು.

ಕುಂಬಳೆ ಮಾಸ್ಟ್ರು

ಕರ್ನಾಟಕದ ಕಚೇರಿಯಿಂದ ನಮಗೆ ಬರುವ ಎಷ್ಟೋ ಕಾಗದ ಇನ್ನೂ ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ತೆರೆದರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಅದನ್ನು ಪರಿವರ್ತಿಸಿ ಮಕ್ಕಳಿಗೆ ಕೊಡುವುದು ಯಾರು? ನಾನು.

ಗೋಕುಲರೋಡ್

ಅದು ಫಾಂಟಿನ ತಪ್ಪು, ಕೀಲಿಮಣಿದ್ದಲ್ಲ. ಎರಡನ್ನೂ ಒಂದ ಗಂಟ ಕಟ್ಟಬ್ಯಾಡ್ರಿ. ಕಗಪದಾಗ ಒತ್ತಕ್ಷರಕ್ಕ ‘ಎಫ್’, ಇನ್‌ಸ್ಕ್ರಿಪ್ಟಿನಾಗ ‘ಡಿ’. ಇಪ್ಪತ್ತು ವರ್ಷ ‘ಎಫ್’ ಒತ್ತಿದ ಬೆರಳು ಬದಲಾಗಂಗಿಲ್ಲ.

ಮ್ಯೂನಿಕ್ ಹುಡುಗ

ತಡವಾಗಿ ಬಂದೆ. ಇವೆಲ್ಲ ರಗಳೆ ಯಾಕೆ? ಇಲ್ಲಿ ಆಗ್ಸ್‌ಬರ್ಗ್‌ನಲ್ಲಿ ಟಕ್ಸೀಡೊ ಅಂತ ಕಂಪನಿ ಇದೆ, ಲಿನಕ್ಸ್ ಹಾಕಿಯೇ ಮಾರ್ತಾರೆ. ಆರ್ಡರ್ ಮಾಡುವಾಗ ರ‍್ಯಾಮ್, ಡಿಸ್ಕ್, ಕೀಬೋರ್ಡ್ ಭಾಷೆ ಎಲ್ಲ ನಾವೇ ಆರಿಸಬಹುದು. ವಿಂಡೋಸ್ ಕೀ ಜಾಗದಲ್ಲಿ ಪೆಂಗ್ವಿನ್. ನಂದು 1,340 ಯೂರೋ, ಎರಡು ವರ್ಷ ಆಯ್ತು. ಜರ್ಮನ್ ಕೀಬೋರ್ಡಲ್ಲಿ ವೈ, ಝಡ್ ಅದಲು ಬದಲು ಇರುತ್ತೆ, ನಾನು ಗಮನಿಸದೆ ಅದೇ ತಗೊಂಡು ಒಂದು ತಿಂಗಳು ಪಾಸ್‌ವರ್ಡ್ ತಪ್ಪು ಹೊಡೆದೆ. ಅದೊಂದು ಬಿಟ್ಟರೆ ಬಂಗಾರ. ಊರಿಗೆ ಬರುವಾಗ ಒಂದು ಲ್ಯಾಪ್‌ಟಾಪ್‌ಗೆ ಸುಂಕ ಇಲ್ಲ, ಡಿಸೆಂಬರಲ್ಲಿ ಬರ್ತಿದ್ದೀನಿ, ಬೇಕಾದರೆ ತರ್ತೀನಿ.

ಲೆಕ್ಕದ ಲಲಿತಾ

ಅವರು 60 ಸಾವಿರ ಅಂದಿದ್ದು ರೂಪಾಯಿ ಕಣಪ್ಪ. ಜೊತೆಗೆ ಕೆಟ್ಟರೆ ರಿಪೇರಿಗೆ ಆಗ್ಸ್‌ಬರ್ಗ್‌ಗೆ ತುಮಕೂರಿಂದ ಪ್ಯಾಸೆಂಜರ್ ಟ್ರೇನ್ ಇದೆಯಾ?

ಮ್ಯೂನಿಕ್ ಹುಡುಗ

ಸಹಾಯ ಮಾಡೋಣ ಅಂತ ಬಂದರೆ ಹೀಗೆ. ಇದಕ್ಕೇ ನಾನು ಕನ್ನಡದ ಗುಂಪುಗಳಲ್ಲಿ ಬರೆಯೋದು ಬಿಟ್ಟಿದ್ದು.

ತುಮಕೂರು ಪ್ಯಾಸೆಂಜರ್

ಎಲ್ಲರಿಗೂ ಧನ್ಯವಾದ. ನಿದ್ದೆ ವಿಷಯ ಮಾತ್ರ ಇನ್ನೂ ಗೊತ್ತಾಗಲಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ?

ಗೋಕುಲರೋಡ್

ಹೊಸಾವುದರಾಗ ಎಸ್3 ತಗದ ಬಿಟ್ಟಾರ್ರಿ ಬಹಳಷ್ಟು ಕಡೆ. ಸಿಸ್ ಒಳಗ ಪವರ್, ಅದರಾಗ ಮೆಮ್ ಸ್ಲೀಪ್ ಅಂತ ಫೈಲ್ ಐತಿ, ತಗದು ನೋಡ್ರಿ. ‘ಡೀಪ್’ ಅನ್ನೋ ಶಬ್ದ ಇದ್ರ ಎಸ್3 ಐತಿ, ಬರೇ ‘ಎಸ್2ಐಡಲ್’ ಇದ್ರ ಇಲ್ಲ. ನಂದ್ರಾಗ ಇಲ್ಲ. ಒಮ್ಮೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ್ಯಾಗ ಬಂದ್ನಿ, ದಾವಣಗೆರಿ ದಾಟೂದ್ರಾಗ ಬ್ಯಾಗ್ ಬಿಸಿ ರೊಟ್ಟಿ ಹಂಚಿನಂಗ ಆಗಿತ್ತು. ಬ್ಯಾಟರಿ 91ರಿಂದ 12ಕ್ಕ. ಆಮ್ಯಾಲೆ ಎಲ್ಲಾ ಡಿಸ್ಕಿಗೆ ಬರದು ಪೂರ್ತಿ ಆರಿಹೋಗೋ ಹೈಬರ್ನೇಟ್ ಹೊಂದಿಸಿದ್ನಿ, ಡಿಸ್ಕಿನ್ಯಾಗ ಅದಕ್ಕ ಬೇಕಾದ ಸ್ವಾಪ್ ಜಾಗ 20 ಜಿಬಿ ಮಾಡಿ. ಏಳಾಕ ಅರ್ಧ ನಿಮಿಷ ತಗೋತದ, ಆದ್ರ ತಣ್ಣಗ ಇರತದ.

ಕುಂಬಳೆ ಮಾಸ್ಟ್ರು

ನನ್ನದರಲ್ಲೂ ‘ಡೀಪ್’ ಇಲ್ಲ, ಆದರೆ ಬಿಸಿಯಾಗುವುದಿಲ್ಲ. ರಾತ್ರಿಗೆ ಐದಾರು ಶೇಕಡ ಹೋಗ್ತದೆ ಅಷ್ಟೇ. ಅಂಗಡಿಯಲ್ಲಿ ಐದು ನಿಮಿಷಕ್ಕೆ ಇದು ಗೊತ್ತಾಗುವುದಿಲ್ಲ, ಅದೊಂದು ನನ್ನ ಅದೃಷ್ಟ. ಆನ್‌ಲೈನಿನಲ್ಲಿ ತಕ್ಕೊಂಡರೆ ಹಿಂದೆ ಕಳಿಸುವ ಅವಧಿ ಎಷ್ಟು ದಿನ ಎಂದು ಮೊದಲು ನೋಡಿ, ಆ ದಿನಗಳಲ್ಲಿ ಎರಡು ರಾತ್ರಿ ಮುಚ್ಚಿಟ್ಟು ಪರೀಕ್ಷೆ ಮಾಡಿ.

ಕರಿ ಡಬ್ಬಿ

ಅದಕ್ಕೇ ಮೊದಲನೇ ಸಲವೇ ಹೇಳಿದ್ದು, ಟಿ480, ಎಸ್3. ತುಮಕೂರಿನವರೇ, ನಿಮಗೆ ಬೇಕಿದ್ದರೆ ನಂದೇ ಇದೆ. ಎಲ್ಲ ಹೊಸ ಭಾಗ ಹಾಕಿರೋದು, 24 ಜಿಬಿ, 35 ಸಾವಿರಕ್ಕೆ ಕೊಡ್ತೀನಿ. ಯಶವಂತಪುರ ಸ್ಟೇಷನ್ನಿಗೇ ತಂದುಕೊಡ್ತೀನಿ. ಆಫೀಸಲ್ಲಿ ಹೊಸ ರೈಜೆನ್‌ದೊಂದು ನೋಡಿದೆ, ತೂಕ 1.3 ಕೆಜಿ.

ಲೆಕ್ಕದ ಲಲಿತಾ

ಆ ರೈಜೆನ್‌ದರಲ್ಲಿ ಯಾವ ವೈಫೈ ಕಾರ್ಡ್ ಇದೆ ನೋಡಿದ್ರಾ?

ಗೋಕುಲರೋಡ್

ನನ್ನ ಹತ್ರ ಎಎಕ್ಸ್211 ಒಂದು ಹಂಗ ಬಿದ್ದೈತಿ, ಯಾರಿಗರ ಇಂಟೆಲ್ ಇದ್ರ 700ಕ್ಕ ಕೊಡತೀನಿ. ಪೋಸ್ಟ್ ಖರ್ಚು ನಿಮ್ಮದು.