ಲಾಕ್‌ಡೌನ್ ಕಾಲದ ಎಸ್ಸೆಸ್ಸೆಲ್ಸಿ: ನಿಮ್ಮ ಅನುಭವವೇನು?

ಪ್ರಶ್ನೆ (ಬಿ.ಎಡ್. ವಿದ್ಯಾರ್ಥಿನಿ):
2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಹತ್ತನೆಯ ತರಗತಿಯಲ್ಲಿದ್ದವರು, ಮುಂದೂಡಿದ ಪರೀಕ್ಷೆಯನ್ನು ಜೂನ್ 25ರಿಂದ ಬರೆಯುವವರೆಗಿನ ಮೂರು ತಿಂಗಳನ್ನು ಹೇಗೆ ಕಳೆದರೆಂದು ಪ್ರಬಂಧವೊಂದಕ್ಕಾಗಿ ತಿಳಿಯಬೇಕಾಗಿದೆ. ಹಳ್ಳಿಯ ಅನುಭವಗಳಿದ್ದರೆ ಇನ್ನೂ ಒಳ್ಳೆಯದು.

ಉತ್ತರ (ಮಲೆನಾಡಿನವನು):
ನಾನು ಆ ವರ್ಷದವನೇ. ಮನೆಯಲ್ಲಿದ್ದುದು ಅಪ್ಪನ ಒಂದೇ ಮೊಬೈಲ್. ಅವರು ತೋಟದ ಕೂಲಿ ಮುಗಿಸಿ ಬಂದ ಮೇಲೆ ಅದನ್ನು ಹಿಡಿದು ಗುಡ್ಡದ ನೆತ್ತಿಗೆ ಹೋದರಷ್ಟೇ ನೆಟ್‌ವರ್ಕ್ ಸಿಗುತ್ತಿತ್ತು. ಮಳೆ ಹಿಡಿದ ಮೇಲಂತೂ ತಮ್ಮ ಕೊಡೆ ಹಿಡಿಯಬೇಕು, ನಾನು ಬರೆದುಕೊಳ್ಳಬೇಕು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಜ್ವರ ನೋಡುತ್ತಿದ್ದರು. ಗಣಿತಕ್ಕಿಂತ ಆ ಥರ್ಮಾಮೀಟರಿಗೇ ನಾನು ಹೆಚ್ಚು ಹೆದರಿದ್ದೆ.

ಉತ್ತರ (ಸರ್ಕಾರಿ ಶಾಲಾ ಶಿಕ್ಷಕ, ರಾಯಚೂರು ಜಿಲ್ಲೆ):
ತಂಗಿ, ಪರೀಕ್ಷೆ ಬರೆದವರ ಜೊತೆಗೆ ಶಾಲೆ ಬಿಟ್ಟವರನ್ನೂ ನಿಮ್ಮ ಪ್ರಬಂಧದಲ್ಲಿ ಸೇರಿಸಿಕೊಳ್ಳಿ. 2020ರ ಆಗಸ್ಟ್‌ನಲ್ಲಿ ಮಕ್ಕಳಿರುವಲ್ಲಿಗೇ ಹೋಗಿ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಆರಂಭವಾದಾಗ ಗುಡಿಯ ಕಟ್ಟೆಯಲ್ಲಿ, ಬೇವಿನ ಮರದಡಿಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದೆವು; ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನನ್ನ ತರಗತಿಯಿಂದ ಹತ್ತಿ ಬಿಡಿಸಲು ಹೋದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮರಳಲೇ ಇಲ್ಲ. ಅವಳಿಗೆ ಮದುವೆಯಾಯಿತೆಂದು ಆಮೇಲೆ ತಿಳಿಯಿತು. ಚಂದನ ವಾಹಿನಿಯ ಪಾಠಗಳು ಚೆನ್ನಾಗಿಯೇ ಇದ್ದವು, ಆದರೆ ಟಿ.ವಿ.ಯನ್ನು ‘ಮತ್ತೊಮ್ಮೆ ಹೇಳಿ ಸರ್’ ಎಂದು ಕೇಳಲಾಗುತ್ತದೆಯೇ?

ಉತ್ತರ (2021ರ ವಿದ್ಯಾರ್ಥಿನಿ):
ನಮ್ಮದು ಜುಲೈ 19 ಮತ್ತು 22ರ ಎರಡೇ ದಿನದ ಬಹು ಆಯ್ಕೆಯ ಪರೀಕ್ಷೆ. ಪಾಸಾದೆವು, ನಿಜ, ಪಿಯುಸಿಯಲ್ಲಿ ಪುಟಗಟ್ಟಲೆ ಉತ್ತರ ಬರೆಯಬೇಕಾದಾಗ ಮಾತ್ರ ಕೈಯೇ ಓಡಲಿಲ್ಲ.