ಡೌನ್ ಸಿಂಡ್ರೋಮ್ ಇರೋ ಮಗಳಿಗೆ ಮನ್ಯಾಗ ಏನು ವ್ಯಾಯಾಮ ಮಾಡಸ್ಲಿ?

ಶಹಾಬಾದದ ತಾಯಿ: ಮಗಳಿಗೆ ಏಳು ವರ್ಷ. ಮೈಯೆಲ್ಲಾ ಸಡಿಲ, ಮೆಟ್ಟಲಾ ಹತ್ತಬೇಕಂದ್ರ ನನ್ನ ಕೈ ಬೇಕು. ಥೆರಪಿಗಂತ ದಿನಾ ಕಲಬುರಗಿಗೆ ಹೋಗ್ಲಾಕ ಆಗಲ್ರಿ.

ಬೀದರಿನ ತಾಯಿ: ಅಕ್ಕೋರೆ, ನನ್ನ ಮಗನಿಗೂ ಅದೇ ಅದ. ಮೊದಲು ಕತ್ತಿನ ಬಗ್ಗೆ ಡಾಕ್ಟರಿಗೆ ಕೇಳ್ರಿ. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮ್ಯಾಲಿನ ಎರಡು ಎಲುಬಿನ ಜೋಡು ಸಡಿಲ ಇರ್ತದ. ಪಲ್ಟಿ ಹೊಡಸೋದು, ತಲಿ ಮ್ಯಾಲ ಭಾರ ಹೊರಸೋದು ಬ್ಯಾಡೇ ಬ್ಯಾಡ. ನಡಿಗಿ ಬದಲಾತು, ಕತ್ತು ನೋವಂದ್ಲು ಅಂದ್ರ ಕೂಡಲೇ ತೋರಸ್ರಿ.

ನಾನು ಸ್ಟೂಲ್ ಮ್ಯಾಲ ಕುಂದ್ರಿಸಿ, ಎದ್ದು ಗ್ವಾಡಿಗೆ ಟಿಕಳಿ ಹಚ್ಚಲಾಕ ಹೇಳ್ತೀನಿ. ವಾಪಸ್ ಕೂಡೂವಾಗ ದೊಪ್ಪಂತ ಬೀಳಬಾರದು. ಆ ನಿಧಾನ ಇಳಿಯೋದ್ರಾಗೇ ತೊಡಿಗೆ ಬಲ ಬರ್ತದ. ಅರ್ಧ ಕಿಲೋ ತೊಗರಿಬ್ಯಾಳಿ ಚೀಲ ಎರಡೂ ಕೈಲೆ ಅಡಗಿಮನಿಗೆ ಒಯ್ಯೋದು ಅವನಿಗೆ ಭಾಳ ಇಷ್ಟ.

ಶಹಾಬಾದದ ತಾಯಿ: ಸ್ಟೂಲ್ ಎಷ್ಟು ಎತ್ತರ ಇರ್ಬೇಕ್ರಿ?

ಬೀದರಿನ ತಾಯಿ: ಪಾದ ಪೂರ್ತಿ ನೆಲಕ್ಕ ಮುಟ್ಟಬೇಕು.

ಯಾದಗಿರಿಯ ತಂದೆ: ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಯೋಜನ್ಯಾಗ 18 ವರ್ಷದ ತನಕ ತಪಾಸಣೆ ಪುಕ್ಕಟ ಅದ. ಆಶಾ ಕಾರ್ಯಕರ್ತೆಗೆ ಕೇಳ್ರಿ ಅಕ್ಕೋರೆ.