ಅಪ್‌ಡೇಟ್: ಪೋಸ್ಟ್‌ಡಾಕ್ ಹುಡುಕಾಟ ಎಲ್ಲಿಗೆ ಬಂತು

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಮುಗೀತು, ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನಾ ಕೆಲಸ) ಎಲ್ಲಿ ಹುಡುಕಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ. ಯುರಾಕ್ಸೆಸ್ ವೆಬ್‌ಸೈಟ್ ನೋಡಿ ಅಂದವರಿಗೆ ಥ್ಯಾಂಕ್ಸ್. ಯುರೋಪಿನ ಸಂಶೋಧನಾ ಕೆಲಸಗಳು ಅಲ್ಲಿ ಸಾಕಷ್ಟು ಬರುತ್ತವೆ, ದುಡ್ಡು ಕಟ್ಟಬೇಕಿಲ್ಲ.

ಮೊದಲು ಮಾಡಿದ್ದು ದಡ್ಡತನ. ನಲವತ್ತು ಪ್ರೊಫೆಸರ್‌ಗಳಿಗೆ ಒಂದೇ ಪತ್ರ, ಹೆಸರು ಮಾತ್ರ ಬದಲು. ಒಂದು ಕಡೆ ಅದನ್ನೂ ಬದಲಿಸಿರಲಿಲ್ಲ! ಉತ್ತರ ಸೊನ್ನೆ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಒಬ್ಬ ಪ್ರೊಫೆಸರ್ ಬರೆದ ಸಂಶೋಧನಾ ಪೇಪರ್ ಪೂರ್ತಿ ಓದಿದೆ. ಮನೆಗೆ ಬಂದು ಅವರ ಕೋಡ್ ಓಡಿಸಿ, ಎಲ್ಲಿ ನಿಧಾನ ಆಗುತ್ತಿದೆ ಅಂತ ಅವರಿಗೆ ನಾಲ್ಕೇ ಸಾಲು ಬರೆದೆ. ಮೂರನೇ ದಿನ ಉತ್ತರ ಬಂತು.

ನಮ್ಮ ದೇಶದ್ದೇ ಎನ್‌ಪಿಡಿಎಫ್ (ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್) ಗೂ ಹಾಕುತ್ತಿದ್ದೇನೆ. ವಯಸ್ಸಿನ ಮಿತಿ 35, ಮಾರ್ಗದರ್ಶನ ಮಾಡುವ ಮೆಂಟರ್ ಮೊದಲೇ ಒಪ್ಪಿರಬೇಕು. ನನಗೀಗ 34. ಅಮ್ಮನ ಲೆಕ್ಕದ ಮಿತಿ ಯಾವಾಗಲೋ ದಾಟಿದೆ, ಬಿಡಿ. ಉತ್ತರ ಕೊಟ್ಟ ಆ ಪ್ರೊಫೆಸರ್ ಜೊತೆ ಮುಂದಿನ ವಾರ ವಿಡಿಯೋ ಇಂಟರ್‌ವ್ಯೂ.